ಹನ್ನೆರಡು ಗಿಡ

ಬೀದರದ ಚೌಬಾರಾ ಹಿಂದಿನ ಓಣಿ,
ಮೊದಲು ಹಕೀಮರ ದವಾಖಾನಿ ಇದ್ದ ಜಾಗ.
ಈಗ ಬಾಗಿಲ ಮೇಲೆ ಹಸಿರು ಹಲಗೆ:
ಭಂಗಿ ಗಿಡದ ಸಂಗ್ರಹಾಲಯ. ಟಿಕೀಟು ಇಪ್ಪತ್ತು,
ವಯಸ್ಸಾದವರಿಗೆ ಹತ್ತು.
ಹತ್ತು ಕೊಟ್ಟೆ.
ಅಬಕಾರಿ ಜವಾನನಾಗಿ ಮೂವತ್ತೊಂದು ವರ್ಷ
ಇದರ ಹಿಂದೆ ಓಡಿದವನು
ಎಂದೂ ದುಡ್ಡು ಕೊಟ್ಟು ನೋಡಿದ್ದಿಲ್ಲ ಇದನ್ನ.

ಹಕೀಮರ ಮೊಮ್ಮಗಳು ನಾಹೀದಾ
ಒಂದೊಂದೇ ದೀಪ ಹಚ್ಚುತ್ತ ನಡೆದಳು,
ಕರೆಂಟು ಉಳಿಸಲು ಹಿಂದಿನದನ್ನು ಆರಿಸುತ್ತ.
ನೋಡಿದ್ದೆಲ್ಲ ನನ್ನ ಬೆನ್ನಿಗೆ ಕತ್ತಲಾಗುತ್ತಿತ್ತು.

"ಇದು ನಾರು, ಅಜ್ಜಾ. ಮುಟ್ಟಿ ನೋಡ್ರಿ.
ನೀರಾಗ ಕೊಳಿಸಬೇಕು, ಆಮ್ಯಾಲೆ ಬಡೀಬೇಕು."
ಹಗ್ಗ, ಚೀಲ, ಬಾವಿಯ ಮಿಣಿ,
ಹಡಗಿನ ಹಾಯಿಯದೊಂದು ತುಣುಕು.
ಬೀದರಕ್ಕೆ ಸಮುದ್ರ ಬಂದದ್ದು ಇಷ್ಟೇ, ಅಂಗೈ ಅಗಲ.

ಹಳೆ ಹಗ್ಗ ಕುಟ್ಟಿ ಮಾಡಿದ ಕಾಗದ,
ಮೇಲೆ ಫಾರಸಿಯಲ್ಲಿ ಯಾರದೋ ಸಾಲದ ಲೆಕ್ಕ.
ಕೊಟ್ಟವನೂ ಇಲ್ಲ, ಇಸಕೊಂಡವನೂ ಇಲ್ಲ,
ಕಾಗದ ಗಟ್ಟಿ.

ಬೀದರಿ ಹುಕ್ಕಾ, ಕೋಟೆಯ ಮಣ್ಣಿಗೆ ಕಪ್ಪಾದದ್ದು,
ಹೊಟ್ಟೆಯ ಸುತ್ತ ಬೆಳ್ಳಿ ಬಳ್ಳಿ.
"ಇದರಾಗ ಏನು ಸೇದತಿದ್ರೋ ಗೊತ್ತಿಲ್ಲ" ಅಂದಳು.
ನಾನು ಸುಮ್ಮನಿದ್ದೆ.

ಗಾಜಿನೊಳಗೆ ಒಣಗಿದ ಗಿಡ.
ಎಲೆಗೆ ಏಳು ಬೆರಳು. ಎಣಿಸಿದೆ, ರೂಢಿ.
ವಾಸನೆ ಮಾತ್ರ ಇಲ್ಲ.
ತೊಗರಿ ಸಾಲಿನ ನಡುವೆ, ಬೆಳಗಿನ ಮಂಜಿನಲ್ಲಿ
ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತಿದ್ದ ಕಳ್ಳ,
ಇಲ್ಲಿ ಮೂಕ.

ಕಿತ್ತು, ಸಿವುಡು ಕಟ್ಟಿ, ತೂಗಿ, ಅರಗು ಒತ್ತಿ,
ಕೋರ್ಟು ಹೂಂ ಅಂದ ಮೇಲೆ ಇಟ್ಟಂಗಿ ಭಟ್ಟಿಗೆ.
ಗಾಳಿ ನೋಡಿ ನಿಲ್ಲೋ ಅಂದರೂ ಕೇಳದೆ
ಹೊಗೆಯ ದಾರಿಗೆ ನಿಂತ ನಮ್ಮ ಮಾಣಿಕಪ್ಪ
ಸಂಜೆತನಕ ಜೀಪಿನ ಚಕ್ರ ನೋಡಿ ನಕ್ಕಿದ್ದ.
ಅದು ಯಾವ ಪಂಚನಾಮೆಯಲ್ಲೂ ಇಲ್ಲ.

ಕೊನೆಯ ಕಪಾಟು: ದನದ ಔಷಧ.
ಹಕೀಮರ ಕೈಬರಹದ ಚೀಟಿ, ಅಂಚು ಕೆಂಪಾಗಿದೆ:
ಎಮ್ಮೆ, ಹೊಟ್ಟೆಯುಬ್ಬರ. ಎಲೆ ಒಂದು ಹಿಡಿ,
ಬೆಲ್ಲ, ಓಂಕಾಳು.
ನಾಹೀದಾಳ ಕೈ ಗುಂಡಿಗೆ ಹೋಯಿತು.
ಇರಲಿ ಮಗಳೇ, ಇದನ್ನ ಆರಿಸಬ್ಯಾಡ.

ಔರಾದ ಕಡೆಯ ಝರೆಮ್ಮ. ಹಿತ್ತಲು. ಹನ್ನೆರಡು ಗಿಡ.
"ಎಮ್ಮಿಗ್ರೀ ಸಾಹೇಬ, ಹೊಟ್ಟಿ ಉಬ್ಬಿದ್ರ ಕೊಡ್ಲಾಕ."
ಎಲ್ಲಾರೂ ಹಿಂಗೇ ಅಂತಾರ, ಅಂದಿದ್ದೆ.
ಕಟ್ಟಲು ಹಗ್ಗ ಸಾಲದೆ
ಅವಳ ಎಮ್ಮೆಯ ಕಣ್ಣಿಯನ್ನೇ ಬಿಚ್ಚಿಕೊಂಡಿದ್ದೆ.
ಜೀಪು ಹೊರಟಾಗ ಆ ಎಮ್ಮೆ
ಗೂಟದ ಹತ್ತಿರವೇ ನಿಂತಿತ್ತು,
ಬಿಚ್ಚಿದ್ದು ತಿಳಿಯದೆ.

ಖರೆ ಹೇಳಿದಳೋ ಸುಳ್ಳೋ ಈಗಲೂ ಗೊತ್ತಿಲ್ಲ.
ಒಂದು ಎಮ್ಮೆಗೆ ಹನ್ನೆರಡು ಗಿಡ ಹೆಚ್ಚೇ.
ಪಂಚರ ಸಹಿ ಎರಡು, ಅವಳದು ಹೆಬ್ಬೆಟ್ಟು.
ಹೇಳಿಕೆಯಲ್ಲಿ ನಾನು ಎಮ್ಮೆ ಬರೆಯಲಿಲ್ಲ,
ಕಾಗದದಲ್ಲಿ ಜಾಗ ಇತ್ತು.
ಮುಂದಿನ ತಿಂಗಳು ನನಗೆ ಚಿತ್ತಾಪುರಕ್ಕೆ ವರ್ಗ.

ಹೋಗುವಾಗ ಬಾಗಿಲಲ್ಲಿ ದಪ್ಪ ವಹಿ:
ಹೆಸರು, ಊರು, ಉದ್ಯೋಗ, ಅಭಿಪ್ರಾಯ.
ಉದ್ಯೋಗದ ಕೆಳಗೆ ನಿವೃತ್ತ ಅಂತ ಬರೆದೆ,
ಎಲ್ಲಿಂದ ಅಂತ ಬರೆಯಲಿಲ್ಲ.
ಅಭಿಪ್ರಾಯದಲ್ಲಿ ಮೇಲಿನವರೆಲ್ಲ
ಛಲೋ ಅದ, ಚಂದ ಇತ್ತು, ಚಂದ ಇತ್ತು.
ಪೆನ್ನು ಜಾಡಿಸಿ ನಾನೂ ಒಂದು ಸಾಲು ಬರೆದೆ:
ಎಮ್ಮೆ ಇತ್ತು.

ನಾಹೀದಾ ವಹಿ ತಿರುಗಿಸಿ ಓದಿದಳು.
"ಚಂದ ಇತ್ತು ಅಂತ ಬರೀಬೇಕಿತ್ತೇನ್ರಿ, ಅಜ್ಜಾ?"
ಇಲ್ಲವ್ವಾ, ಅಂದೆ,
ಈ ಸಲ ಸರಿ ಬರದೀನಿ.