ಬಿಲ್ಲು ಎತ್ತುವವರು

ಕಾಪೋನ್ ಬೀದಿಯ ಕಮಾನು ದಾಟಿ
ಎಡಕ್ಕೆ ಮೂರನೆಯ ಬಾಗಿಲು.
ಲೀಮಾದಲ್ಲಿ ಮಳೆ ಸುರಿಯುವುದಿಲ್ಲ, ಮಂಜು ಬೆವರುತ್ತದೆ;
ಗಾಜಿನೊಳಗೆ ನೇತುಬಿದ್ದ ಬಾತುಕೋಳಿಗಳು
ಅಭ್ಯಂಜನಕ್ಕೆ ಕೂತವರ ಹಾಗೆ ಮಿರುಗುತ್ತವೆ.

ಭಾನುವಾರ, ಹನ್ನೆರಡೂವರೆ,
ಮೀನಿನ ತೊಟ್ಟಿಯ ಪಕ್ಕದ ದುಂಡು ಮೇಜು.
ದೋನ್ ಫೆರ್ಮಿನ್ ಲಾವ್ ಮೊದಲು ಬಂದು
ಈಗಷ್ಟೇ ಬಂದವರಂತೆ ಕೂರುತ್ತಾರೆ.
ದೋನ್ ಅಬೆಲಾರ್ಡೊ ಚೊಯ್ ತಡವಾಗಿ ಬಂದು
ಮೂರನೆಯ ಕುರ್ಚಿಯಲ್ಲಿ ಟೋಪಿಯನ್ನು ಕೂರಿಸುತ್ತಾರೆ.
ಎವ್ಲಾಲಿಯಾ ಕೇಳುವುದಿಲ್ಲ, ಅವರು ಹೇಳುವುದಿಲ್ಲ:
ವೊಂಟನ್ ಸಾರು,
ಶುಂಠಿ ಹೊದ್ದು ಹಬೆಯಲ್ಲಿ ಬೆಂದ ಇಡೀ ಮೀನು,
ಇಬ್ಬರ ನಡುವೆ ಒಂದು ತಟ್ಟೆ ಚೌಫಾ ಅನ್ನ.

ಕೆಟಲಿನ ಮುಚ್ಚಳ ಓರೆಯಾದರೆ ಬಿಸಿನೀರು ಬೇಕು,
ಎರಡು ಬೆರಳು ಮೇಜು ತಟ್ಟಿದರೆ ಉಪಕಾರವಾಯಿತು.
ಹನ್ನೊಂದು ವರ್ಷದಲ್ಲಿ ಅವಳು ಕಲಿತ ಚೀನೀ ಭಾಷೆ ಇಷ್ಟೇ.
ಅವರದೂ ಹೆಚ್ಚೇನಲ್ಲ:
ಮಾತೆಲ್ಲ ಸ್ಪ್ಯಾನಿಷ್,
ಬೈಗುಳ ಮಾತ್ರ ಅಜ್ಜನ ಊರಿನದು.

ಒಂದು ಮಗ್ಗುಲು ಮುಗಿದರೆ ಮೀನನ್ನು ಮಗುಚುವಂತಿಲ್ಲ,
ಮಗುಚಿದರೆ ಎಲ್ಲೋ ಒಂದು ದೋಣಿ ಮಗುಚೀತು.
ಇಬ್ಬರಲ್ಲಿ ಯಾರೂ ದೋಣಿ ಹತ್ತಿದವರಲ್ಲ.
ಒಬ್ಬರದು ಬೀಗ ಚಿಲಕಗಳ ಅಂಗಡಿ,
ಇನ್ನೊಬ್ಬರದು ಛಾಪಖಾನೆ.
ಆದರೂ ತಲೆಯಿಂದ ಬಾಲದವರೆಗೆ ಮುಳ್ಳು ಎತ್ತಿಟ್ಟು
ಕೆಳಗಿನದನ್ನು ಕದ್ದು ತಿನ್ನುವ ಹುಡುಗರ ಹಾಗೆ ತಿನ್ನುತ್ತಾರೆ.
ಕೆನ್ನೆಯ ತುಂಡು
ಈ ಬಟ್ಟಲಿಂದ ಆ ಬಟ್ಟಲಿಗೆ ಹೋಗಿ ಬಂದು ಹೋಗಿ
ಆರಿ ತಣ್ಣಗಾಗುತ್ತದೆ.

ಆಮೇಲೆ ಬಿಲ್ಲು.

ಸ್ವಯಂವರದಲ್ಲಿ ಎಷ್ಟೋ ಅರಸರು ಬೆವರಿದರಂತೆ.
ಇಲ್ಲಿ ಇಬ್ಬರೇ,
ವಯಸ್ಸು ಕೂಡಿದರೆ ನೂರೈವತ್ತೆಂಟು.
ಮಣಿಕಟ್ಟು ತಿರುವಿ, ಬಟ್ಟಲು ಉರುಳಿಸಿ,
ನನ್ನ ಹೆಣ ದಾಟಿ ಹೋಗು ಎಂದು ಕೂಗಿ.
ಒಮ್ಮೆ ಕೈ ತೊಳೆಯುವ ನೆಪದಲ್ಲಿ ಗಲ್ಲಾದ ಕಡೆ,
ಒಮ್ಮೆ ಶನಿವಾರವೇ ಬಂದು ಮುಂಗಡ,
ಒಮ್ಮೆ ಎವ್ಲಾಲಿಯಾಳ ಏಪ್ರನ್ ಜೇಬಿಗೆ ನೋಟು ತುರುಕಿ
"ನೀನು ನನ್ನ ಪಕ್ಷ ತಾನೆ?"
ಅವಳು ಇಬ್ಬರ ಪಕ್ಷವೂ.
ಗೆದ್ದವರು ಕಾಸು ಕಳಕೊಂಡು ಹಿಗ್ಗುತ್ತಾರೆ,
ಸೋತವರು ಹೊಟ್ಟೆ ತುಂಬಿ ಮುನಿಯುತ್ತಾರೆ.

ಜೂನ್‌ನಲ್ಲಿ ಛಾಪಖಾನೆಯ ಬಾಗಿಲಿಗೆ
ಯಾರೋ ಸರಕಾರಿ ಕಾಗದ ಅಂಟಿಸಿದರು.
ಬೀದಿಗೆಲ್ಲ ಗೊತ್ತು. ಮೇಜಿನಲ್ಲಿ ಯಾರೂ ಆಡಲಿಲ್ಲ.
ಅದೇ ಟೋಪಿ, ಅದೇ ತಡ.
ಚೌಫಾ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ, ಅಷ್ಟೆ.

ಬಿಲ್ಲು ಬಂತು.
ಅಬೆಲಾರ್ಡೊ ಕೈ ಕೋಟಿನೊಳಗೆ ಹೋಯಿತು.
ಖಾಲಿ ಜೇಬಿನ ದಾರಿಯೂ ಕೈಗೆ ರೂಢಿ.

ಫೆರ್ಮಿನ್ ಸುಮ್ಮನೆ ಕೊಟ್ಟುಬಿಡಬಹುದಿತ್ತು.
ಸುಮ್ಮನೆ ಕೊಟ್ಟರೆ ಹಂಗು.
ಅದಕ್ಕೇ ಜಗಳ ತೆಗೆದರು, ಹಿಂದೆಂದೂ ತೆಗೆಯದ ಜಗಳ:
ಕುರ್ಚಿ ಬಿತ್ತು, ಸೋಯಾ ಬಾಟಲಿ ಹೊರಳಿತು,
ತೊಟ್ಟಿಯ ಮೀನುಗಳು ಮೂಲೆ ಹಿಡಿದವು.
"ಕಳ್ಳ! ಹೋದ ವಾರವೂ ನೀನೇ ಕೊಟ್ಟೆ,
ಅದರ ಹಿಂದಿನ ವಾರವೂ!"
ಸುಳ್ಳು. ಎವ್ಲಾಲಿಯಾಗೆ ಗೊತ್ತು.
ಕಿಟಕಿ ಪಕ್ಕದ ಸಂಸಾರ ನಂಬಿ ತಲೆಯಾಡಿಸಿತು.

ಅಬೆಲಾರ್ಡೊ ಬಿಡಲಿಲ್ಲ.
ನಟಿಸಿ ಎಳೆಯಲಿಲ್ಲ, ನಿಜಕ್ಕೂ ಎಳೆದರು,
ಕತ್ತಿನ ನರ ಉಬ್ಬಿ, ಕಣ್ಣು ಕೆಂಪಾಗಿ.
ಗೆದ್ದಿದ್ದರೆ ಏನು ಮಾಡುತ್ತಿದ್ದರೋ!

ಬಿಲ್ಲು ಎರಡಾಯಿತು.

ಮೊತ್ತ ಬರೆದ ತುಂಡು ಫೆರ್ಮಿನ್ ಮುಷ್ಟಿಯಲ್ಲಿ.
ಏದುಸಿರು ಬಿಡುತ್ತ ಗಲ್ಲಾದ ಕಡೆ ನಡೆದರು,
ಬೆನ್ನು ಮಾತ್ರ ಗೆದ್ದವರ ಬೆನ್ನು.
ಅಬೆಲಾರ್ಡೊ ಕೈಯಲ್ಲಿ ಉಳಿದದ್ದು ಕೆಳಗಿನ ಅಂಚು:
"ಮತ್ತೆ ಬನ್ನಿ",
ಅದರಡಿ ಇರುವೆಯಷ್ಟು ಅಕ್ಷರದಲ್ಲಿ
ಚೊಯ್ ಮುದ್ರಣಾಲಯ.

ಹೆಬ್ಬೆರಳಿಂದ ಸವರಿದರು,
ಬೆಳಕಿಗೆ ಹಿಡಿದರು.
"ಶಾಯಿ ಒಂಚೂರು ತೆಳುವಾಯಿತು,"
ಟೋಪಿಗೆ ಹೇಳಿದರೋ, ಅವಳಿಗೋ,
"ಕಾಗದ ಒಳ್ಳೆಯದು."

ಎವ್ಲಾಲಿಯಾ ಕುರ್ಚಿ ಎತ್ತಿ ನಿಲ್ಲಿಸಿದಳು.
ಸೋಯಾ ಒರೆಸಿದಳು.
ಅವರು ಕೆಟಲಿನ ಮುಚ್ಚಳವನ್ನು
ಮೆಲ್ಲಗೆ ಓರೆ ಮಾಡಿದರು.