ವಕಾರದ ಜಾಗ

ಪಾತ್ರಾಸಿನ ಗ್ರಂಥಾಲಯ, ಮೂರನೆಯ ಮಹಡಿ,
ಹಡಗಿನ ಸೈರನ್ನು ಕೇಳಿಸುವ ಕಿಟಕಿಯ ಪಕ್ಕ
ಆರ್ಗಿರೊ ಮೂವತ್ತೊಂದು ವರ್ಷ ಕೂತು ಎಣಿಸಿದ್ದು
ಇಲ್ಲದ ಒಂದು ಅಕ್ಷರವನ್ನು.

ಎರಡು ಸ್ವರ ಎದುರುಬದುರಾದರೆ
ಒಂದು ಇನ್ನೊಂದನ್ನು ನುಂಗಬೇಕು:
ಆ ಹಳೆಯ ಹಾಡುಗಾರರ ಕಟ್ಟಳೆ.
ಕೆಲವು ಕಡೆ ನುಂಗುವುದಿಲ್ಲ.
ಮನೆಯೆಂಬ ಮಾತಿನ ಮುಂದೆ, ದ್ರಾಕ್ಷಾರಸದ ಮುಂದೆ,
ದೊರೆಯ ಮುಂದೆ
ಸಾಲು ಒಂದು ಗಳಿಗೆ ತಡೆಯುತ್ತದೆ,
ತೀರಿಕೊಂಡವರ ಮಣೆಯನ್ನು
ಪಂಕ್ತಿಯಲ್ಲಿ ಹಾಗೇ ಬಿಟ್ಟು ಉಣ್ಣಲು ಕೂತಂತೆ.

ಹಾಡಿದವರಿಗೇ ಗೊತ್ತಿರಲಿಲ್ಲವೇನೋ.
ಅವರ ಬಾಯಿಂದ ಅದು ಆಗಲೇ ಉದುರಿತ್ತು,
ಅಜ್ಜಂದಿರ ತಾಳ ಮಾತ್ರ ಅದರ ಪಾಲು ಎತ್ತಿಟ್ಟಿತ್ತು.
ಎತ್ತಿಡದ ಕಡೆಗಳೂ ಉಂಟು;
ಅವನ್ನೂ ಎಣಿಸಿದ್ದಾಳೆ, ಹಳದಿ ಚೀಟಿಗಳಲ್ಲಿ.

ನನ್ನದು ಕನ್ನಡದ ಕಿವಿ.
ಸ್ವರಗಳ ನಡುವೆ ಬಿರುಕು ಕಂಡಲ್ಲೆಲ್ಲ
ವಕಾರ ತಂದು ಮೆತ್ತುವವರು ನಾವು:
ಗುರುವನ್ನು, ಮಗುವಿಗೆ, ಹೂವಿನ.
ಇವರದು ಉದುರಿದ ವಕಾರ, ಉಳಿದ ಬಿರುಕು.
ಹಲ್ಲು ಬಿದ್ದ ಕಡೆಗೇ ನಾಲಗೆ.

ದೇವರನ್ನು ದೊರೆಯೇ ಎಂದು ಕರೆಯುವಲ್ಲಿ
ಆ ಜಾಗ ತಪ್ಪುವುದು ಕಡಿಮೆ.
'ಭಯ, ನೆನಪಿಗಿಂತ ಗಟ್ಟಿ'
ಎಂದು ಅಂಚಿನಲ್ಲಿ ಬರೆದು
ಮರುದಿನ ಹೊಡೆದುಹಾಕಿದ್ದಾಳೆ.

ನಿವೃತ್ತಿಯ ವರ್ಷ, ಈಸ್ಟರಿಗೆ ಒಂದು ವಾರ,
ಲೆಯೊನಿದಿಯೊ ಮೇಲಿನ ಘಟ್ಟದಲ್ಲಿ ಕಾರು ಬಿಸಿಯಾಗಿ ನಿಂತಿತು.
ನೀರು ಕೇಳಲು ಇಳಿದಳು.
ಕಲ್ಲುಗೋಡೆಯಾಚೆ ಗರುಫಲ್ಯಾ,
ಗಂಡನ ಬೂಟು, ಮೊಣಕಾಲಿಗೆ ಕೆಸರು,
ತಪ್ಪಿಸಿಕೊಂಡ ಕುರಿಮರಿಯನ್ನು ಕೂಗುತ್ತಿದ್ದಳು:
ವಾನ್ನೆ! ವಾನ್ನೆ!

ನಾಡಿಗೆಲ್ಲ ಅದು ಅರ್ನಿ.
ಈ ಕಣಿವೆಯೊಂದು ಬಿಟ್ಟುಕೊಟ್ಟಿಲ್ಲ ಎಂದು
ಆರ್ಗಿರೊಗೆ ಗೊತ್ತಿರಲಿಲ್ಲವೆಂದಲ್ಲ,
ಚೀಟಿಯೇ ಇದೆ, ಇನ್ನೂರ ಹನ್ನೆರಡನೆಯದು.
ಆದರೆ ಚೀಟಿ ಕೂಗುವುದಿಲ್ಲ.

'ಇನ್ನೊಮ್ಮೆ ಹೇಳಮ್ಮ.'
'ಏನನ್ನು?'
'ಅದರ ಹೆಸರು.'
'ಅದಕ್ಕೆಂಥ ಹೆಸರು? ಭಾನುವಾರಕ್ಕೆ ಕೊಯ್ಯುವುದು.
ನೂರಿಪ್ಪತ್ತು ಯೂರೋ. ಚರ್ಮ ನನಗೆ.'

ಪರ್ಸಿನಲ್ಲಿ ಇದ್ದದ್ದು ನೂರಹತ್ತು. ಅಷ್ಟನ್ನೂ ಕೊಟ್ಟಳು.
'ಮರಿ ಇಲ್ಲೇ ಇರಲಿ. ನೀನು ಕರೆಯುತ್ತಿರು.'
ಗರುಫಲ್ಯಾ ನೋಟುಗಳನ್ನು ಎರಡು ಸಲ ಎಣಿಸಿ,
ಈ ಪಟ್ಟಣದವಳ ಮುಖ ಒಮ್ಮೆ ನೋಡಿ,
ರೇಡಿಯೇಟರಿಗೆ ತಾನೇ ನೀರು ಹೊಯ್ದಳು.

ಹಬ್ಬ ಕಳೆಯಿತು.
ಆರ್ಗಿರೊ ವಿಚಾರಿಸಲಿಲ್ಲ, ನಾನೂ ಕೇಳಿಲ್ಲ.
ಚೀಟಿಗಳ ಡಬ್ಬದಲ್ಲಿ, ಇನ್ನೂರ ಹನ್ನೆರಡರ ಹಿಂದೆ,
ಬೆರಳು ತೂರುವಷ್ಟು ಜಾಗ ಬಿಟ್ಟಿದ್ದಾಳೆ.