ಹೊಗೆ ಬಂತೇ, ನೋಡು

ಬುಧವಾರ. ಓರ್ಡಿಸಿಯಾದ ಸಂತೆ.
ಗರಾಸಿ ಚೀಸಿನ ಗಾಲಿಯನ್ನೆತ್ತಿ
ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾಳೆ,
ಕಲ್ಲಂಗಡಿ ಆರಿಸುವವರ ಹಾಗೆ.
"ಮೂಸಿ ನೋಡು ಇಮಾನೋಲ್,
ಲಾಚಾ ಕುರಿಯ ಹಾಲು, ಎಂಟು ತಿಂಗಳು ಮಾಗಿದ್ದು,
ಬೀಚ್ ಮರದ ಹೊಗೆ, ಕೊನೆಗೊಂದಿಷ್ಟು ಚೆರ್ರಿಯದು."
ಮೂಸುತ್ತೇನೆ. ತಲೆದೂಗುತ್ತೇನೆ.
ಅರ್ಧ ಕಿಲೋ ಕಟ್ಟಿಸಿಕೊಳ್ಳುತ್ತೇನೆ.

ಸುಳ್ಳು ತಲೆದೂಗು ಅದು.
ನನ್ನ ಮೂಗು ಸತ್ತು ಹನ್ನೊಂದು ವರ್ಷ.
ಬಣ್ಣದ ಗೋದಾಮಿನ ರಾತ್ರಿ ಮುಖವಾಡ ಸರಿದದ್ದು
ಮೂರೋ ನಾಲ್ಕೋ ಉಸಿರಿನಷ್ಟು ಹೊತ್ತು.
ಅಗ್ನಿಶಾಮಕ ದಳದವರು ಒಂದು ಪದಕ ಕೊಟ್ಟರು;
ಡಬ್ಬಿಯಲ್ಲಿದೆ, ಗುಂಡಿಗಳ ಜೊತೆ.

ಮೂರು ಗಂಟೆಗೆ ಎದುರು ಮನೆಯ ನಹಿಯಾ ಬರುತ್ತಾಳೆ,
ವಯಸ್ಸು ಎಂಟು, ನನ್ನ ಬಾಡಿಗೆ ಮೂಗು.
ಸಂಬಳ: ಬಾಣಲೆ ಕೆರೆದು ತಿನ್ನುವ ಹಕ್ಕು.

ಮೊದಲು ಚೀಸಿನ ಸಿಪ್ಪೆ ಹೆರೆದು
ಬೆಚ್ಚನೆ ಹಾಲಿಗೆ ಹಾಕಬೇಕು.
ಹೊಗೆಯೆಲ್ಲ ಇರುವುದು ಸಿಪ್ಪೆಯಲ್ಲೇ ಮಗು,
ಒಳಗಿನದು ಬರೀ ಕುರಿ, ಬರೀ ಹುಲ್ಲು.
ಹಿಂದೆ ಕುರುಬರ ಗುಡಿಸಲಿಗೆ ಹೊಗೆಗೂಡು ಇರಲಿಲ್ಲವಂತೆ,
ಸೂರಿನ ಕೆಳಗಿಟ್ಟ ಚೀಸಿಗೆ
ಒಲೆಯ ಹೊಗೆ ತಾನಾಗಿ ಅಂಟಿತಂತೆ.
ಯಾರೂ ಬಯಸಿದ್ದಲ್ಲ.
ರುಚಿ ಎಂದು ಆಮೇಲೆ ಹೆಸರಿಟ್ಟರು.
(ನನಗೂ ಹಾಗೆಯೇ ಅಂಟಿತು.
ಅದಕ್ಕೆ ಯಾರೂ ರುಚಿ ಎನ್ನಲಿಲ್ಲ.
ಮಿರೆನ್ ಮಾತ್ರ ಬಾಗಿಲಲ್ಲೇ ತಡೆದು
"ಆ ಕೋಟು ಬಾಲ್ಕನಿಗೆ, ನೀನು ಬಚ್ಚಲಿಗೆ" ಎನ್ನುತ್ತಿದ್ದಳು.)

ಬೆಣ್ಣೆ ಕರಗಲಿ. ಅಷ್ಟೇ ತೂಕದ ಮೈದಾ.
ಹುರಿ, ಆದರೆ ಕೆಂಪಾಗಿಸಬೇಡ.
"ಹಸಿ ವಾಸನೆ ಹೋಯಿತೇ?"
"ಇನ್ನೂ ಇಲ್ಲ."
"ಈಗ?"
"ಈಗ ಬಿಸ್ಕತ್ತಿನ ಹಾಗೆ."
ಸಿಪ್ಪೆ ಸೋಸಿದ ಹಾಲನ್ನು ಹನಿಹನಿಯಾಗಿ ಇಳಿಸು,
ಗಂಟು ಕಟ್ಟಲು ಬಿಡಬೇಡ,
ಕೈ ನಿಲ್ಲಿಸಬೇಡ, ಕತೆ ಬೇಕಾದರೆ ನಿಲ್ಲಿಸು.
ಚಮಚದ ಬೆನ್ನಿಗೆ ಹತ್ತಿ ನಿಂತರೆ ಹದ.

ಈಗ ಉರಿ ಆರಿಸು.
ಪೂರ್ತಿ ಆರಿಸು.
ಮೂವತ್ತು ವರ್ಷ ಮಾಡಿದ ಕೆಲಸ, ಇದೊಂದು ನನಗೆ ಗೊತ್ತು:
ಬೆಂಕಿ ಎಲ್ಲಿ ಬೇಕು ಎನ್ನುವುದಲ್ಲ,
ಎಲ್ಲಿ ಸಾಕು ಎನ್ನುವುದು.
ತುರಿದ ಚೀಸು ಬಾಣಲೆಯ ಉಳಿದ ಬಿಸಿಯಲ್ಲೇ ಕರಗಬೇಕು.
ಕುದಿಸಿದೆಯೋ, ಒಡೆಯಿತು:
ಎಣ್ಣೆ ಒಂದು ಕಡೆ, ಮರಳು ಒಂದು ಕಡೆ.
ಹಾಗೆ ಒಡೆದ ಸಾಸನ್ನು ಒಮ್ಮೆ
ಮಿರೆನ್ ಎರಡು ಚಮಚ ತಣ್ಣನೆ ಹಾಲು ಹೊಯ್ದು
ಬೈಯುತ್ತ ಬೈಯುತ್ತ ಕೂಡಿಸಿದ್ದಳು.
ಬೈಗುಳವೂ ಬೇಕಾಗುತ್ತದೋ ಏನೋ, ನನಗದು ಕೂಡಿಬರುವುದಿಲ್ಲ.

ಒಂದಿಷ್ಟು ಕೆನೆ. ಜಾಯಿಕಾಯಿ, ಉಗುರಂಚಿನಷ್ಟು.
"ಹೊಗೆ ಬಂತೇ, ನೋಡು."
ನಹಿಯಾ ಕಣ್ಣು ಮುಚ್ಚಿ ಬಾಣಲೆಯ ಮೇಲೆ ಬಾಗಿದಳು.
ಹಣೆಯ ಕೂದಲು ಇನ್ನೇನು ಸಾಸಿಗೆ ತಾಗಬೇಕು.
"ಬಂತು."
"ಎಂಥ ಹೊಗೆ? ಬೀಚೇ? ಚೆರ್ರಿಯೇ?"
ಮರಗಳ ಹೆಸರು ಅವಳಿಗೇನು ಗೊತ್ತು.
ಬಹಳ ಹೊತ್ತು ಯೋಚಿಸಿ ಅಂದಳು:
"ನಿನ್ನ ಬಾಗಿಲ ಹಿಂದಿನ ಕೋಟಿನ ಹಾಗೆ."

ಆ ಕೋಟು ಒಗೆದು ಒಗೆದು
ತೋಳಿನ ಹಳದಿ ಪಟ್ಟಿಯೇ ಅಳಿಸಿಹೋಗಿದೆ.
ಏನೂ ಉಳಿದಿಲ್ಲ ಎಂದುಕೊಂಡು
ಈ ಮನೆಯೊಳಗೇ ತಂದು ತೂಗುಹಾಕಿದ್ದೆ,
ಬೈಯುವವಳು ಇಲ್ಲದ ಮೇಲೆ.

"ಕೆಟ್ಟ ವಾಸನೆಯೇ?"
"ಇಲ್ಲ," ಎಂದಳು, ಬ್ರೆಡ್ಡಿನ ತುಂಡು ಅದ್ದುತ್ತ,
"ನಿನ್ನ ಮನೆ ವಾಸನೆ."

ನಾನೂ ಒಂದು ತುಂಡು ಅದ್ದಿ ಬಾಯಿಗಿಟ್ಟೆ.
ಉಪ್ಪು. ಬಿಸಿ. ನಾಲಿಗೆಯ ಮೇಲೆ ರೇಷ್ಮೆ.
ನನಗೆ ಸಿಕ್ಕುವುದು ಇಷ್ಟು.
ಉಳಿದದ್ದು ಅವಳ ಮುಖದಲ್ಲಿತ್ತು, ಗಲ್ಲಕ್ಕೂ ಮೆತ್ತಿಕೊಂಡು.
"ಬಾಣಲೆ ನನ್ನದು," ಎಂದಳು.
ಮಾತೆಂದರೆ ಮಾತು. ಕೊಟ್ಟೆ.